ಪುರಭವನ ಕೆಡವುವ ಮುನ್ನ ಚೌಕದ ಮಟ್ಟ ಅಳೆಯಿರಿ

ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಊರುಗಳಲ್ಲಿ ಹಳೆಯ ಪುರಭವನ ಮತ್ತು ಅದರ ಮುಂದಿನ ಸಂತೆ ಚೌಕವನ್ನು ಹೊಸದು ಮಾಡುವ ಮಾತು ಬಂದರೆ, ಎಲ್ಲರ ಗಮನ ಹೋಗುವುದು ಕಟ್ಟಡದ ಮುಂಭಾಗದ ನಕ್ಷೆಯ ಮೇಲೆ. ಕೆಲಸ ಕೆಡುವುದು ಮಾತ್ರ ನೆಲದ ಮಟ್ಟದಲ್ಲಿ.

ಡಾಂಬರಿನ ಮೇಲೆ ಡಾಂಬರು ಹಾಕಿಸುತ್ತ ಹೋದರೆ ಚೌಕವು ಕಟ್ಟಡದ ಹೊಸ್ತಿಲಿಗೇ ಸಮನಾಗುತ್ತದೆ. ಮಳೆನೀರು ಗೋಡೆಯ ಬುಡಕ್ಕಿಳಿದು ಗಾರೆ ಉದುರುತ್ತದೆ; ಆಗ ‘ಕಟ್ಟಡ ಶಿಥಿಲ’ ಎಂಬ ವರದಿ ಸಿದ್ಧ! ಹಾಗಾಗಿ ಮೊದಲು ಹಳೆಯ ಪದರ ಕೆತ್ತಿಸಿ, ಚೌಕವನ್ನು ಕಟ್ಟಡದ ಒಳನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ತಗ್ಗಿಸಬೇಕು. ಇಳಿಜಾರು ಕಟ್ಟಡದಿಂದ ಆಚೆಗೆ, 60ಕ್ಕೆ 1ರಂತೆ ಇರಲಿ.

40 ಮೀಟರ್ ಉದ್ದ, 25 ಮೀಟರ್ ಅಗಲದ ಚೌಕದ ಮೇಲೆ 50 ಮಿ.ಮೀ. ಮಳೆ ಸುರಿದರೆ 50,000 ಲೀಟರ್ ನೀರಾಯಿತು. ಅಷ್ಟೂ ಒಂದೇ ಗಂಟೆಯಲ್ಲಿ ಬಿದ್ದರೂ 30 ಸೆಂ.ಮೀ. ಅಗಲ, ಅಷ್ಟೇ ಆಳದ ಚರಂಡಿಗೆ ಭಾರವಲ್ಲ. ಅದು ಕಟ್ಟಿಕೊಳ್ಳುವುದು ಕೊತ್ತಂಬರಿ ಕಡ್ಡಿ, ಕೋಸಿನ ಎಲೆ, ಪ್ಲಾಸ್ಟಿಕ್‌ನಿಂದ. ಚರಂಡಿ ಮುಚ್ಚುವ, 60×45 ಸೆಂ.ಮೀ. ಅಳತೆಯ ಮೂರಿಂಚು ದಪ್ಪದ ಕಲ್ಲು ಚಪ್ಪಡಿ 50 ಕೆ.ಜಿ. ದಾಟುತ್ತದೆ, ಪೌರಕಾರ್ಮಿಕರು ಅದನ್ನು ದಿನಾ ಎತ್ತಲಾರರು. ಒಬ್ಬರೇ ಎತ್ತಬಹುದಾದ ಕಬ್ಬಿಣದ ಜಾಲರಿ ಹಾಕಿಸಿ, ಹತ್ತು ಮೀಟರಿಗೊಂದು ಹೂಳು ಗುಂಡಿ ಕೊಡಿ. ಈ ಭಾಗದಲ್ಲಿ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಅಷ್ಟರೊಳಗೆ ಚರಂಡಿ ಮುಗಿದಿರಬೇಕು.

ಟೊಮೆಟೊ ಕ್ರೇಟು ಹೊತ್ತ ಗಾಡಿಗಳು ಓಡಾಡುವಲ್ಲಿ 60 ಮಿ.ಮೀ. ಇಂಟರ್‌ಲಾಕ್ ಬ್ಲಾಕ್ ಸಾಲದು. 80 ಮಿ.ಮೀ. ದಪ್ಪದ್ದು, ಕಾಂಕ್ರೀಟಿನ ಬಲದಲ್ಲಿ ಎಂ40 ದರ್ಜೆಯದು ಬೇಕು. ಕೆಳಗಿನ ಮರಳಿನ ಹಾಸು 25ರಿಂದ 40 ಮಿ.ಮೀ. ಒಳಗೇ ಇರಬೇಕು. ಜಲ್ಲಿ ಪದರದ ಏರುತಗ್ಗನ್ನು ಮರಳು ಸುರಿದು ಸರಿದೂಗಿಸಿದ ಕಡೆಯೇ ಚಕ್ರದ ಗುಂಡಿ ಬೀಳುವುದು. ಅಂಚಿಗೆ ಕರ್ಬ್ ಕಲ್ಲು ಕೂರಿಸದಿದ್ದರೆ ಬ್ಲಾಕುಗಳು ಪಕ್ಕಕ್ಕೆ ಸರಿಯುತ್ತವೆ.

ಸುಣ್ಣದ ಗಾರೆಯ ಕಲ್ಲುಗೋಡೆ ಸಾಮಾನ್ಯವಾಗಿ ಗಟ್ಟಿಯೇ. ಸೋಲುವುದು ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ಚಾವಣಿ. ಸೋರಿದಾಗೆಲ್ಲ ಹಾಕಿದ ಒಂದೊಂದು ಮೂರಿಂಚಿನ ಇಟ್ಟಿಗೆ ಚೂರಿನ ಪದರ ಚದರ ಮೀಟರಿಗೆ ಸುಮಾರು 150 ಕೆ.ಜಿ. ತೂಕ ಕೂಡಿಸುತ್ತದೆ. ಮೊದಲು ಅದನ್ನು ಇಳಿಸಿ, ಆಮೇಲೆ ಗೋಡೆಯೊಳಗೆ ಸೇರಿದ ತೊಲೆಯ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿ. ಕೊಳೆತು ಲಡ್ಡಾದ ತೊಲೆಗಳನ್ನಷ್ಟೇ ಬದಲಿಸಿದರೆ ಹಲವು ಕಟ್ಟಡಗಳು ಉಳಿಯುತ್ತವೆ. ಇಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡವೇ ಬೇಡ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನೆನೆಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಸಾಕು.

ಇನ್ನು ವ್ಯಾಪಾರಿಗಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ಅವರದೇ ಪ್ರತಿನಿಧಿಗಳಿರಬೇಕು. ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು. ಚೌಕವನ್ನು ಅರ್ಧರ್ಧವಾಗಿ ಕೈಗೆತ್ತಿಕೊಂಡರೆ ವ್ಯಾಪಾರ ನಿಲ್ಲದು. ಹೂವು, ಸೊಪ್ಪಿನವರಿಗೆ ಒಂದೂವರೆ ಅಡಿ ಎತ್ತರದ ಜಗುಲಿ ಚೆನ್ನ. ಷಟರ್ ಮಳಿಗೆ ಕಟ್ಟಿಕೊಟ್ಟರೆ ಅದು ಗೋದಾಮಾಗಿ, ವ್ಯಾಪಾರ ಮತ್ತೆ ರಸ್ತೆಗೇ ಬರುತ್ತದೆ.

ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಚೌಕದ ಎತ್ತರದ ಮೂಲೆಯಲ್ಲಿ ಒಂದು ಟ್ಯಾಂಕರ್ ನೀರು ಬಿಡಿಸಿ. ಅರ್ಧ ಗಂಟೆಯ ಮೇಲೂ ನೀರು ನಿಂತ ಕಡೆ ಸುಣ್ಣದಲ್ಲಿ ಗುರುತು ಹಾಕಿ, ಆ ಬ್ಲಾಕುಗಳನ್ನು ಎತ್ತಿಸಿ ಮತ್ತೆ ಹಾಸಿಸಿ.