ಆಗ್ರಾದಲ್ಲಿ ಅರ್ಧಕ್ಕೇ ನಿಂತ ವಾದ

ಮೊಬೈಲಿಗೆ ಬಂದು ಬೀಳುವ ಆ ವಾದವಿವಾದದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಒಂದು ಕಡೆ ಕೋಟು ತೊಟ್ಟ ಪಾದ್ರಿ, ಇನ್ನೊಂದು ಕಡೆ ಟೋಪಿ ಹಾಕಿದ ವಾಗ್ಮಿ, ನಡುವೆ ಗಡಿಯಾರ ನೋಡುತ್ತ ಕೂತ ಅಧ್ಯಕ್ಷರು. ‘ಬೈಬಲನ್ನು ತಿದ್ದಿದ್ದಾರೆಯೇ?’ ಎಂಬುದು ಪ್ರಶ್ನೆ. ಅಧ್ಯಾಯ, ವಚನಗಳ ಸಂಖ್ಯೆ ಪಟಪಟನೆ ಉದುರುತ್ತವೆ, ಚಪ್ಪಾಳೆ ಬೀಳುತ್ತದೆ, ಕೆಳಗೆ ಎರಡೂ ಕಡೆಯವರು ‘ಗೆದ್ದದ್ದು ನಮ್ಮವರೇ’ ಎಂದು ಬರೆದಿರುತ್ತಾರೆ. ನಮ್ಮ ದೇಶದ ಮಟ್ಟಿಗೆ ಈ ಬಗೆಯ ವಾದಕ್ಕೊಂದು ಊರಿದೆ, ತಾರೀಖೂ ಇದೆ. ಊರು ಆಗ್ರಾ, ತಾರೀಖು 1854ರ ಏಪ್ರಿಲ್ 10.

ಹಾಗೆಂದು ಕ್ರೈಸ್ತರೂ ಮುಸ್ಲಿಮರೂ ಒಬ್ಬರನ್ನೊಬ್ಬರು ಓದತೊಡಗಿದ್ದು ಆವತ್ತಿನಿಂದಲ್ಲ. ಎಂಟನೇ ಶತಮಾನದಲ್ಲಿ ಡಮಾಸ್ಕಸ್ಸಿನ ಯೋಹಾನನೆಂಬ ಸನ್ಯಾಸಿ ಪಾಷಂಡ ಮತಗಳದ್ದೊಂದು ಪಟ್ಟಿ ಬರೆದ. ಅವನ ಮನೆತನದವರು ಖಲೀಫರ ಆಡಳಿತದಲ್ಲೇ ನೌಕರಿ ಮಾಡಿದವರು. ಪಟ್ಟಿಯ ಕೊನೆಗೆ ಇಸ್ಲಾಮನ್ನೂ ಸೇರಿಸಿದ. ಅವನ ಲೆಕ್ಕದಲ್ಲಿ ಅದು ಬೇರೆ ಧರ್ಮವಲ್ಲ, ದಾರಿ ತಪ್ಪಿದ ತಮ್ಮದೇ ಒಂದು ಕವಲು. ಅದೇ ಶತಮಾನ ಮುಗಿಯುವ ಹೊತ್ತಿಗೆ ಬಾಗ್ದಾದಿನಲ್ಲಿ ಪೂರ್ವ ಸಭೆ ಎಂಬ ಕ್ರೈಸ್ತ ಪಂಗಡದ ಮುಖ್ಯಸ್ಥ ತಿಮೊಥೆ, ಖಲೀಫ ಅಲ್ ಮಹದಿಯ ಎದುರು ಕೂತು ಮಾತಾಡಿದ್ದರ ದಾಖಲೆಯಿದೆ. ತಿಮೊಥೆ ಅಲ್ಲೊಂದು ಉಪಮೆ ಹೇಳುತ್ತಾನೆ: ಕತ್ತಲ ಮನೆಯಲ್ಲಿ ಮುತ್ತೊಂದು ಕೆಳಗೆ ಬಿತ್ತು, ಎಲ್ಲರೂ ತಡಕಾಡಿದರು. ಒಬ್ಬನಿಗೆ ಮುತ್ತೇ ಸಿಕ್ಕಿತು, ಒಬ್ಬನಿಗೆ ಗಾಜಿನ ಚೂರು, ಮತ್ತೊಬ್ಬನಿಗೆ ಕಲ್ಲು. ಬೆಳಕಾಗುವ ತನಕ ಮುತ್ತು ತನ್ನ ಕೈಯಲ್ಲೇ ಇದೆಯೆಂದು ಎಲ್ಲರೂ ನಂಬಿರುತ್ತಾರೆ. ತನ್ನ ಕೈಲಿರುವುದು ಮುತ್ತೇ ಎಂಬುದರಲ್ಲಿ ತಿಮೊಥೆಗೇನೂ ಅನುಮಾನವಿರಲಿಲ್ಲ ಅನ್ನಿ. ಆದರೂ ಅರಸನ ಮುಂದೆ ಹಾಗೆ ಮಾತಾಡುವ ಸಲಿಗೆ ಇತ್ತು.

ಯುರೋಪು ಈ ಓದಿಗೆ ಬಂದದ್ದು ತಡವಾಗಿ, ಅದೂ ಶಿಲುಬೆಯುದ್ಧಗಳ ಕಾಲದಲ್ಲಿ. ಕ್ಲೂನಿ ಮಠದ ಗುರು ಪೀಟರ್ ದುಡ್ಡು ಕೊಟ್ಟು ಮಾಡಿಸಿದ ಲ್ಯಾಟಿನ್ ಕುರಾನ್ 1143ರಲ್ಲಿ ಮುಗಿಯಿತು. ‘ಸುಳ್ಳು ಪ್ರವಾದಿ’ ಎಂಬ ಬೈಗುಳ ಅದರ ಹೆಸರಿನಲ್ಲೇ ಇತ್ತು. ಹೆಚ್ಚುಕಡಿಮೆ ನಾನೂರು ವರ್ಷದ ಮೇಲೆ, 1542ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅದನ್ನೇ ಅಚ್ಚಿಗೆ ಹಾಕಿದಾಗ ನಗರಸಭೆ ಮುದ್ರಕನನ್ನು ಜೈಲಿಗೆ ತಳ್ಳಿತು. ಓದಲಿ ಬಿಡಿ ಎಂದು ಮಾರ್ಟಿನ್ ಲೂಥರ್ ಪತ್ರ ಬರೆಯಬೇಕಾಯಿತು. ಬಾಸೆಲ್ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ. ನಡುವೆ 1580ರಲ್ಲಿ ಗೋವೆಯಿಂದ ಫತೇಪುರ ಸಿಕ್ರಿಗೆ ಹೋದ ಜೆಸ್ವಿಟ್ ಪಾದ್ರಿಗಳು ಹಲವು ಭಾಷೆಗಳ ಬೈಬಲ್ ಸಂಪುಟಗಳನ್ನು ಕಾಣಿಕೆಯಾಗಿ ಕೊಟ್ಟರು. ಅಕ್ಬರ್ ಅವನ್ನು ಮುತ್ತಿಟ್ಟು ತಲೆಯ ಮೇಲಿಟ್ಟುಕೊಂಡ. ಪಾದ್ರಿಗಳು ಅದನ್ನು ಮತಾಂತರದ ಮುನ್ಸೂಚನೆ ಎಂದುಕೊಂಡರು. ಪುಸ್ತಕ ಕಂಡರೆ ಕಣ್ಣಿಗೊತ್ತಿಕೊಳ್ಳುವ ಜನರ ನಡುವೆ ಹುಟ್ಟಿ ಬೆಳೆದವರು ಹಾಗೆ ಎಡವುತ್ತಿರಲಿಲ್ಲವೇನೋ.

ಈಗ ಆಗ್ರಾಕ್ಕೆ ಬರೋಣ. ಕಾರ್ಲ್ ಗಾಟ್ಲೀಬ್ ಫ್ಯಾಂಡರ್ ಜರ್ಮನಿಯವರು, ತರಬೇತಾದದ್ದು ಬಾಸೆಲ್ ಮಿಶನ್ನಿನ ಶಾಲೆಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ, ಮುಂದೆ ‘ಮಂಗಳೂರ ಸಮಾಚಾರ’ವನ್ನೂ ಕಿಟೆಲ್ ಕೋಶವನ್ನೂ ನಮಗೆ ಕೊಟ್ಟ ಮಿಶನ್ನೇ ಅದು. ಫ್ಯಾಂಡರರನ್ನು ಕಳಿಸಿದ್ದು ಮಾತ್ರ ಕಾಕಸಸ್ ಬೆಟ್ಟಗಳ ಶುಶಾ ಎಂಬ ಊರಿಗೆ. ಅಲ್ಲಿ 1829ರಲ್ಲಿ ‘ಮೀಜಾನುಲ್ ಹಕ್’, ಎಂದರೆ ಸತ್ಯದ ತಕ್ಕಡಿ, ಎಂಬ ಪುಸ್ತಕ ಬರೆದರು. ರಷ್ಯಾದ ದೊರೆ ಮಿಶನ್ನಿಗೆ ಬಾಗಿಲು ಹಾಕಿಸಿದ ಮೇಲೆ ಫ್ಯಾಂಡರ್ ಇಂಗ್ಲಿಷ್ ಸಂಘವೊಂದರ ಪಾದ್ರಿಯಾಗಿ ಭಾರತಕ್ಕೆ ಬಂದರು. ತಕ್ಕಡಿಯೂ ಉರ್ದುವಿನಲ್ಲಿ ಬಂತು. ಊರೂರಿನ ಮೌಲ್ವಿಗಳಿಗೆ ಪ್ರತಿಗಳು ಹೋದವು. ಉತ್ತರ ಕೊಡಿ ಎಂಬ ಧಾಟಿ ಬೇರೆ.

ಉತ್ತರ ಕೊಡಲು ಬಂದವರು ಕೈರಾನಾದ ಮೌಲಾನಾ ರಹಮತುಲ್ಲಾ. ಪತ್ರ ವ್ಯವಹಾರವಾಗಿ ಐದು ವಿಷಯ ಗೊತ್ತಾದವು: ಹಿಂದಿನ ಗ್ರಂಥ ರದ್ದಾಗುತ್ತದೆಯೇ, ಬೈಬಲ್ ಪಾಠ ಕೆಟ್ಟಿದೆಯೇ, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಯೇಕತ್ವ, ಪ್ರವಾದಿಯ ಪ್ರವಾದಿತ್ವ, ಕುರಾನ್. ಸೇರಿದವರಲ್ಲಿ ಮೌಲ್ವಿಗಳಿದ್ದರು, ಪಾದ್ರಿಗಳಿದ್ದರು, ಕಂಪನಿ ಸರ್ಕಾರದ ಅಧಿಕಾರಿಗಳೂ ಇದ್ದರು. ಎರಡನೇ ದಿನಕ್ಕೆ ಸುದ್ದಿ ಹಬ್ಬಿ ಜನ ನೂರಾರಾದರು.

ಫ್ಯಾಂಡರ್ ಎದುರುನೋಡುತ್ತಿದ್ದದ್ದು ಹಳೆಯ ವಾದಗಳನ್ನು. ಅದಕ್ಕೆಲ್ಲ ಉತ್ತರ ಅವರ ಪುಸ್ತಕದಲ್ಲೇ ಸಿದ್ಧವಿತ್ತು. ಆದರೆ ರಹಮತುಲ್ಲಾರ ಪಕ್ಕದಲ್ಲಿ ಕೂತಿದ್ದವರು ಡಾಕ್ಟರ್ ವಜೀರ್ ಖಾನ್. ಪಾಶ್ಚಾತ್ಯ ವೈದ್ಯ ಕಲಿತು ಆಗ್ರಾದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು, ಇಂಗ್ಲಿಷ್ ಬಲ್ಲವರು. ಅವರು ತೆರೆದದ್ದು ಕುರಾನನ್ನಲ್ಲ, ಯುರೋಪಿನ ಬೈಬಲ್ ಪಂಡಿತರು ಬರೆದ ಪುಸ್ತಕಗಳನ್ನು. ತ್ರಯೇಕತ್ವವನ್ನು ಹೇಳುವ, ಯೋಹಾನನ ಮೊದಲನೆಯ ಪತ್ರದ 5ನೇ ಅಧ್ಯಾಯದ 7ನೇ ವಚನ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲವೆಂದು ನಿಮ್ಮವರೇ ಹೇಳುತ್ತಾರಲ್ಲ, ಏನಂತೀರಿ? ಫ್ಯಾಂಡರ್ ಪ್ರಾಮಾಣಿಕರು. ನಕಲು ಮಾಡುವಾಗ ತಪ್ಪುಗಳಾಗಿವೆ, ಅಂಥ ಕೆಲವು ಜಾಗಗಳಿವೆ ಎಂದು ಒಪ್ಪಿಕೊಂಡರು. ಆದರೆ ಗ್ರಂಥದ ಸಾರಕ್ಕೆ ಅದರಿಂದ ಧಕ್ಕೆಯಿಲ್ಲ ಎಂದರು. ನಮಗೆ ಅಷ್ಟು ಒಪ್ಪಿದರೆ ಸಾಕು ಎಂದರು ಈ ಕಡೆಯವರು. ಎರಡನೇ ದಿನಕ್ಕೆ ಸಭೆ ಮುರಿಯಿತು. ಐದರಲ್ಲಿ ಎರಡೇ ವಿಷಯ ಮುಗಿದಿದ್ದವು. ಆಮೇಲೆ ಎರಡೂ ಕಡೆಯವರು ತಮ್ಮ ತಮ್ಮ ವರದಿ ಅಚ್ಚು ಹಾಕಿಸಿದರು. ಒಂದೇ ಸಭೆಯ ವರದಿಗಳೇ ಇವು ಎಂದು ಅನುಮಾನ ಬರುವಷ್ಟು ಬೇರೆ ಬೇರೆ.

ಈ ಎರಡು ದಿನವನ್ನು ಜಗಳವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಇದಿರಾಳಿಯ ಮನೆಯೊಳಗಿನ ತಕರಾರು ಏನೆಂದು ಅವನ ಭಾಷೆಯಲ್ಲೇ ಓದಿಕೊಂಡು ಬಂದವರು ಅಲ್ಲಿದ್ದರು. ಇಂದಿನ ವಿಡಿಯೊಗಳಲ್ಲಿ ವಚನದ ಸಂಖ್ಯೆ ಉಳಿದಿದೆ, ಆ ಓದು ಕಾಣುವುದಿಲ್ಲ.

ಮೂರು ವರ್ಷಕ್ಕೆ 1857 ಬಂತು. ದಂಗೆಯಲ್ಲಿ ಸೇರಿದ್ದ ರಹಮತುಲ್ಲಾರ ಆಸ್ತಿ ಜಪ್ತಿಯಾಯಿತು, ಅವರು ತಪ್ಪಿಸಿಕೊಂಡು ಮೆಕ್ಕಾ ಸೇರಿದರು. ಫ್ಯಾಂಡರ್ ಕಾನ್‌ಸ್ಟಾಂಟಿನೋಪಲ್‌ಗೆ ಹೋದರು. 1864ರಲ್ಲಿ ತುರ್ಕಿಯ ಸುಲ್ತಾನರು ರಹಮತುಲ್ಲಾರನ್ನು ಅಲ್ಲಿಗೇ ಕರೆಸಿದರು. ಮೌಲಾನಾ ಬರುವ ಸುದ್ದಿ ಕೇಳಿಯೇ ಪಾದ್ರಿ ಓಡಿಹೋದರೆಂದು ಕಥೆ ಹೇಳುವವರಿದ್ದಾರೆ. ಆದರೆ ಆ ವರ್ಷ ಮಿಶನರಿಗಳ ಪುಸ್ತಕದಂಗಡಿಗಳಿಗೆ ಸರ್ಕಾರವೇ ಬೀಗ ಜಡಿದಿತ್ತು, ಅದನ್ನೂ ಸೇರಿಸಿ ಹೇಳಬೇಕು. ಸುಲ್ತಾನರ ಕೋರಿಕೆಯ ಮೇಲೆ ರಹಮತುಲ್ಲಾ ಅರಬ್ಬಿಯಲ್ಲಿ ಬರೆದ ‘ಇಜಹಾರುಲ್ ಹಕ್’, ಆಗ್ರಾದ ವಾದದ ವಿಸ್ತೃತ ರೂಪ. ಹತ್ತಾರು ವರ್ಷಗಳ ಮೇಲೆ ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ಅಂಗಡಿ ಕೆಲಸಕ್ಕಿದ್ದ ಗುಜರಾತಿ ಯುವಕನೊಬ್ಬನಿಗೆ ಅದರದೊಂದು ಪ್ರತಿ ಸಿಕ್ಕಿತು. ಹತ್ತಿರದ ಮಿಶನ್ ಶಾಲೆಯ ಹುಡುಗರು ಅಂಗಡಿಗೆ ಬಂದು ಅವನನ್ನು ಕೆಣಕುತ್ತಿದ್ದರು. ಯುವಕನ ಹೆಸರು ಅಹ್ಮದ್ ದೀದಾತ್. ವಾದಸಭೆಗಳನ್ನು ವಿಡಿಯೊ ಕ್ಯಾಸೆಟ್ಟಿಗೆ ತಂದು ಜಗತ್ತಿಗೆಲ್ಲ ಹಂಚಿದವರು ಅವರೇ. ಅಲ್ಲಿಂದ ನಿಮ್ಮ ಮೊಬೈಲಿಗೆ ದೂರವಿಲ್ಲ.

ಅದೇ ಆಗ್ರಾದಿಂದ ಇನ್ನೊಂದು ದಾರಿಯೂ ಹೊರಟಿತ್ತು. ಫ್ಯಾಂಡರ್ ಒತ್ತಾಯದಿಂದಲೇ ವಿಲಿಯಂ ಮ್ಯೂರ್ ಎಂಬ ಅಧಿಕಾರಿ ಪ್ರವಾದಿಯ ಜೀವನಚರಿತ್ರೆ ಬರೆದರು. ಅದನ್ನು ಓದಿ ನೊಂದ ಸರ್ ಸಯ್ಯದ್ ಅಹ್ಮದ್ ಖಾನ್ 1869ರಲ್ಲಿ ಲಂಡನ್ನಿಗೆ ಹೋಗಿ, ಗ್ರಂಥಾಲಯಗಳಲ್ಲಿ ಆಕರ ಹುಡುಕಿ, ಉತ್ತರ ಬರೆದರು. ಅದಕ್ಕೂ ಮುಂಚೆ ಅವರು ಬೈಬಲ್ಲಿಗೇ ವ್ಯಾಖ್ಯಾನ ಬರೆಯಲು ಕೈಹಾಕಿದ್ದರು. ಬೈಬಲ್ಲಿನ ಸಾರ ಕೆಟ್ಟಿಲ್ಲ, ಅರ್ಥ ಹೇಳುವುದರಲ್ಲಿ ಎಡವಿದ್ದಾರೆ ಎಂಬುದು ಅವರ ನಿಲುವು. ಮುಸ್ಲಿಂ ವಿದ್ವಾಂಸರೊಬ್ಬರು ಅಂಥ ಕೆಲಸಕ್ಕೆ ಕೂತದ್ದು ಇಲ್ಲಿ ಹೊಸದು. ವ್ಯಾಖ್ಯಾನ ಪೂರ್ತಿಯಾಗಲಿಲ್ಲ, ಓದಿದವರೂ ಕಡಿಮೆ. ಕ್ಯಾಸೆಟ್ ಆಗುವಂಥ ಪುಸ್ತಕವಲ್ಲ ಅದು.

ಇಪ್ಪತ್ತನೇ ಶತಮಾನದ್ದು ಸಂಸ್ಥೆಗಳ ಕಥೆ, ಬೇಗ ಹೇಳಿಬಿಡಬಹುದು. 1911ರಲ್ಲಿ ಮಿಶನರಿಗಳಿಗೆಂದು ಹುಟ್ಟಿದ ‘ದಿ ಮೊಸ್ಲೆಮ್ ವರ್ಲ್ಡ್’ ಪತ್ರಿಕೆ ಕ್ರಮೇಣ ಹೆಸರು ತಿದ್ದಿಕೊಂಡು ವಿದ್ವತ್ ಪತ್ರಿಕೆಯಾಯಿತು. 1965ರಲ್ಲಿ ವ್ಯಾಟಿಕನ್ ಮಹಾಸಭೆ ಮುಸ್ಲಿಮರನ್ನು ಗೌರವದಿಂದ ಕಾಣುತ್ತೇವೆ ಎಂದಿತು. 1976ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕ್ರೈಸ್ತ, ಮುಸ್ಲಿಂ ಸಂಬಂಧಕ್ಕೆಂದೇ ಅಧ್ಯಯನ ಕೇಂದ್ರ ತೆರೆಯಿತು. 2006ರಲ್ಲಿ ಪೋಪ್ ಬೆನೆಡಿಕ್ಟ್ ಭಾಷಣವೊಂದರಲ್ಲಿ ಇಸ್ಲಾಂ ಬಗ್ಗೆ ಬೈಜಾಂಟಿಯಂ ದೊರೆಯೊಬ್ಬನ ಹಳೆಯ ಕಟು ಮಾತನ್ನು ಉಲ್ಲೇಖಿಸಿದ್ದು ಬೆಂಕಿಯಾಯಿತು. ಮರುವರ್ಷ 138 ಮುಸ್ಲಿಂ ವಿದ್ವಾಂಸರು ಸಹಿ ಹಾಕಿದ ಪತ್ರ, ದೇವರ ಮೇಲಿನ ಮತ್ತು ನೆರೆಯವರ ಮೇಲಿನ ಪ್ರೀತಿಯೇ ಇಬ್ಬರಿಗೂ ಸಾಮಾನ್ಯವಾದ ನೆಲ ಎಂದಿತು. 2009ರಿಂದ ನೆದರ್ಲೆಂಡ್ಸಿನ ಲೈಡನ್ನಿನ ಪ್ರಕಾಶಕರು ಹೊರತರುತ್ತಿರುವ ಸಂಪುಟಮಾಲೆಯೊಂದು, ಇಬ್ಬರೂ ಒಬ್ಬರ ಬಗ್ಗೆ ಇನ್ನೊಬ್ಬರು ಬರೆದದ್ದನ್ನೆಲ್ಲ ಏಳನೇ ಶತಮಾನದಿಂದ ಪಟ್ಟಿ ಮಾಡುತ್ತ ಬಂದಿದೆ.

ಎಲ್ಲ ಸರಿ. ಆದರೆ ಪಟ್ಟಿಯಾಗುವುದು ಬರೆದವರ ಮಾತು, ಬರೆದವರಲ್ಲಿ ಹೆಚ್ಚಿನವರು ವಾದಿಸಿದವರು. ನಮ್ಮ ಕರಾವಳಿಯನ್ನೇ ನೋಡಿ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. ಹೋದವರು 30,000 ಎನ್ನುವವರಿದ್ದಾರೆ, ಅದರ ಇಮ್ಮಡಿ ಎನ್ನುವವರೂ ಇದ್ದಾರೆ. ಧರ್ಮದ್ವೇಷ ಎಂದು ಒಬ್ಬರು, ಇಂಗ್ಲಿಷರಿಗೆ ನೆರವಾದರೆಂಬ ಸಂಶಯಕ್ಕೆ ಶಿಕ್ಷೆ ಎಂದು ಇನ್ನೊಬ್ಬರು. ವಾದ ಇಷ್ಟರಲ್ಲೇ ಸುತ್ತುತ್ತದೆ. 1799ರ ನಂತರ ಬದುಕುಳಿದವರು ಊರಿಗೆ ಮರಳಿದರು. ಅದೇ ಪೇಟೆಯಲ್ಲಿ ಬ್ಯಾರಿ ವ್ಯಾಪಾರಿಗಳ ಜತೆ ಕೊಡುಕೊಳ್ಳುವ ವ್ಯವಹಾರ ಮತ್ತೆ ಹೇಗೆ ಶುರುವಾಯಿತು ಎಂದು ಕೇಳುವವರು ಕಡಿಮೆ.

ಹೈದರಾಬಾದಿನಲ್ಲಿ ಹೆನ್ರಿ ಮಾರ್ಟಿನ್ ಇನ್‌ಸ್ಟಿಟ್ಯೂಟ್ ಇದೆ. 1930ರಲ್ಲಿ ಲಾಹೋರಿನಲ್ಲಿ ಶುರುವಾದಾಗ, ಮುಸ್ಲಿಮರ ನಡುವೆ ಕೆಲಸ ಮಾಡುವ ಮಿಶನರಿಗಳಿಗೆ ಇಸ್ಲಾಂ ಕಲಿಸುವ ಶಾಲೆ ಅದು. ಮುಂದೆ ಅಲಿಗಢಕ್ಕೆ ಹೋಯಿತು, ಎಪ್ಪತ್ತರ ದಶಕದಲ್ಲಿ ಹೈದರಾಬಾದಿನಲ್ಲಿ ನೆಲೆನಿಂತಿತು. ಹೆಸರಿನಲ್ಲಿ ಈಗ ಸಂಶೋಧನೆಯ ಜತೆ ಸಾಮರಸ್ಯವೂ ಸೇರಿದೆ. ಕೋಮುಗಲಭೆ ಕಂಡ ಹಳೇ ನಗರದ ಸುಲ್ತಾನ್ ಶಾಹಿಯಲ್ಲಿ ಸಂಸ್ಥೆ ಒಂದು ಕೇಂದ್ರ ನಡೆಸುತ್ತ ಬಂದಿದೆ. ಅಲ್ಲಿ ಹಿಂದೂ, ಮುಸ್ಲಿಂ ಮನೆಗಳ ಹೆಂಗಸರು ಒಟ್ಟಿಗೆ ಕೂತು ಹೊಲಿಗೆ ಕಲಿಯುತ್ತಾರೆ.