ಡೌನ್‌ಗ್ರೇಡ್: ಹಳೆಯ ಆವೃತ್ತಿಗೆ ಮರಳುವುದು ಏಕೆ ಅಪಾಯ?

ಕಂಪ್ಯೂಟರಿನಲ್ಲಿರುವ ಪ್ಯಾಕೇಜನ್ನು (ಒಂದು ತಂತ್ರಾಂಶದ ಫೈಲುಗಳ ಕಟ್ಟನ್ನು) ತೆಗೆದು ಅದರ ಹಳೆಯ ಆವೃತ್ತಿಯನ್ನು ಹಾಕಿಕೊಳ್ಳುವುದಕ್ಕೆ ಡೌನ್‌ಗ್ರೇಡ್ ಎನ್ನುತ್ತಾರೆ. ಅಪ್‌ಡೇಟ್ ಆದ ಬೆನ್ನಿಗೇ ವೈಫೈ ಕೈಕೊಟ್ಟರೆ ‘ನಿನ್ನೆಯದೇ ಚೆನ್ನಾಗಿತ್ತು’ ಅನ್ನಿಸುವುದು ಸಹಜ. ಹೆಸರು ಕೇಳಿದರೆ ಇದು ಅಪ್‌ಗ್ರೇಡನ್ನೇ ಹಿಂದುಮುಂದು ಮಾಡಿದಂತೆ ತೋರುತ್ತದೆ. ಆದರೆ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಡೌನ್‌ಗ್ರೇಡಿಗೆ ಅಧಿಕೃತ ಬೆಂಬಲವನ್ನೇ ಕೊಡುವುದಿಲ್ಲ.

ಕಾರಣ ಪ್ಯಾಕೇಜಿನ ಒಳಗೇ ಇದೆ. ಅದರಲ್ಲಿ ಫೈಲುಗಳ ಜೊತೆಗೆ ಪುಟ್ಟ ಸ್ಕ್ರಿಪ್ಟುಗಳೂ ಇರುತ್ತವೆ. ಹಳೆಯ ಸೆಟ್ಟಿಂಗುಗಳನ್ನು, ಡೇಟಾವನ್ನು ಹೊಸ ರೂಪಕ್ಕೆ ತರುವುದು ಅವುಗಳ ಕೆಲಸ. ಎರಡನೇ ಆವೃತ್ತಿ ಬರೆದವರಿಗೆ ಮೊದಲನೆಯದು ಗೊತ್ತಿತ್ತು. ಮೊದಲನೆಯದನ್ನು ಬರೆದವರಿಗೆ ಎರಡನೆಯದು ಹೇಗಿರುತ್ತದೆಂದು ತಿಳಿಯಲು ದಾರಿಯೇ ಇರಲಿಲ್ಲ. ಹೀಗಾಗಿ ಹಳೆಯ ಪ್ರೋಗ್ರಾಂ ಮರಳಿ ಬಂದರೂ ಡೇಟಾ ಹೊಸ ರೂಪದಲ್ಲೇ ಉಳಿದಿರುತ್ತದೆ. ಹೆಪ್ಪುಗಟ್ಟಿದ ಮೊಸರು ಮತ್ತೆ ಹಾಲಾಗುವುದಿಲ್ಲವಲ್ಲ! ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ 8.0ರಿಂದ 5.7ಕ್ಕೆ ಇಳಿಯಲು ಬೆಂಬಲವಿಲ್ಲ. 2019ರ ಫೈರ್‌ಫಾಕ್ಸ್ 67ರಿಂದೀಚೆಗೆ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಹೋದರೆ ಬ್ರೌಸರೇ ತಡೆಯುತ್ತದೆ. ಬಳಕೆದಾರರ ಬುಕ್‌ಮಾರ್ಕು, ಪಾಸ್‌ವರ್ಡುಗಳು ಕೆಡದಿರಲಿ ಎಂಬ ಕಾಳಜಿ ಅದು, ಒಳ್ಳೆಯ ಕೆಲಸ.

ಎಲ್ಲಕ್ಕಿಂತ ಹೆದರಬೇಕಾದದ್ದು ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ, ಅಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ, ವಿಷಯದಲ್ಲಿ. ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ಅದನ್ನೇ ಆತುಕೊಂಡಿವೆ. ಅದರ 2.34ನೇ ಆವೃತ್ತಿಗಾಗಿ ಕಟ್ಟಿದ ಪ್ರೋಗ್ರಾಂಗೆ 2.31 ಕೊಟ್ಟರೆ ಅದು ಶುರುವೇ ಆಗದಿರಬಹುದು. ಕಮಾಂಡ್ ಕೊಡುವ ಶೆಲ್ಲೇ ನಿಂತುಹೋದರೆ ರಿಪೇರಿಗೆ ಬೇರೆ ಪೆನ್‌ಡ್ರೈವಿನಿಂದ ಬೂಟ್ ಮಾಡಬೇಕು.

ಹಾಗೆಂದು ಹಿಂದೆ ಹೋಗಲೇಬೇಕಾದ ಹೊತ್ತೂ ಬರುತ್ತದೆ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದು ಬಯಲಾಯಿತು. ಆಗ ಡೆಬಿಯನ್ ತಂಡ ಹಳೆಯ ಕೋಡನ್ನೇ ‘5.6.1+ರಿಯಲಿ5.4.5-1’ ಎಂಬ ಹೆಸರಿನಲ್ಲಿ ಹೊರತಂದಿತು. ಪ್ಯಾಕೇಜ್ ವ್ಯವಸ್ಥೆ ದೊಡ್ಡ ಸಂಖ್ಯೆಯನ್ನೇ ಹೊಸದೆಂದು ತಿಳಿಯುತ್ತದೆ. ಹಾಗಾಗಿ ಆ ಕೆಟ್ಟ ಆವೃತ್ತಿಗಳಿದ್ದ ಡೆಬಿಯನ್ ಕಂಪ್ಯೂಟರುಗಳಿಗೆ ಅದು ಮಾಮೂಲಿ ಅಪ್‌ಗ್ರೇಡಾಗಿಯೇ ತಲುಪಿತು. ಹಿಂದೆ ಹೋಗುವುದಕ್ಕೂ ಮುಂದಿನ ಸಂಖ್ಯೆ ಬೇಕಾಯಿತು ಎಂಬುದು ಈ ಪದದ ಕಷ್ಟವನ್ನು ಚೆನ್ನಾಗಿ ತಿಳಿಸುತ್ತದೆ.

ನಾವೇ ಇಳಿಸಿಕೊಂಡರೆ ಆ ಅನುಕೂಲವಿಲ್ಲ. ಮುಂದಿನ ಅಪ್‌ಡೇಟಿನಲ್ಲಿ ಹೊಸದು ಮತ್ತೆ ಬರುತ್ತದೆ; ಬಾರದಂತೆ ಹಿಡಿದಿಟ್ಟರೆ ಆ ಪ್ಯಾಕೇಜಿನ ಭದ್ರತಾ ತಿದ್ದುಪಡಿಗಳೂ ನಿಲ್ಲುತ್ತವೆ. ಅಪ್‌ಗ್ರೇಡಿಗೆ ಮೊದಲೇ ಟೈಮ್‌ಶಿಫ್ಟ್‌ನಂಥ ತಂತ್ರಾಂಶದಲ್ಲಿ ಇಡೀ ವ್ಯವಸ್ಥೆಯ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ತೆಗೆದಿಡುವುದು ಇದಕ್ಕಿಂತ ಎಷ್ಟೋ ವಾಸಿ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಂದರ ವಿಷಯದಲ್ಲಿ ಈ ಚಿಂತೆ ಕಡಿಮೆ: ಹಳೆಯ ಕರ್ನಲ್ ಹೊಸದರ ಪಕ್ಕದಲ್ಲೇ ಉಳಿದಿರುವುದರಿಂದ ಬೂಟ್ ಆಗುವಾಗ ಕಾಣುವ ಗ್ರಬ್ ಮೆನುವಿನಲ್ಲಿ ಅದನ್ನು ಆರಿಸಿಕೊಂಡರಾಯಿತು.