ಪುಟ್ಟ ಭಾಷೆಗೆ ಎಂಥ ಜಿಟ್ ಬೇಕು?

ನೀವೊಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದೀರಿ ಅಂದುಕೊಳ್ಳಿ. ಅದರ ಇಂಟರ್‌ಪ್ರಿಟರ್ ಒಂದೊಂದೇ ಆದೇಶ ಓದಿ ನಡೆಸುತ್ತದೆ. ಲೂಪ್ ಲಕ್ಷ ಸಲ ತಿರುಗಿದರೆ ಲಕ್ಷ ಸಲವೂ ಅದೇ ಓದು. ಜಿಟ್ ಕಂಪೈಲರ್ ಆ ಲೂಪನ್ನು ಪ್ರೋಗ್ರಾಂ ಓಡುತ್ತಿರುವಾಗಲೇ ಮಷೀನ್ ಕೋಡ್, ಅಂದರೆ ಪ್ರೊಸೆಸರ್ ನೇರವಾಗಿ ನಡೆಸುವ ಆದೇಶಗಳು, ಮಾಡಿಬಿಡುತ್ತದೆ. ಆದರೆ ಹಾಗೆ ಮಾಡಲು ಹಿಡಿಯುವ ಹೊತ್ತೂ ಓಟದ ಲೆಕ್ಕಕ್ಕೇ ಸೇರುತ್ತದೆ, ಅಲ್ವಾ?

ಬಹಳ ಜನಕ್ಕೆ ಮೊದಲು ನೆನಪಾಗುವುದು ಎಲ್‌ಎಲ್‌ವಿಎಂ, ಕಂಪೈಲರ್ ಕಟ್ಟಲು ಬಳಸುವ ದೊಡ್ಡ ಸಿದ್ಧ ಸಲಕರಣೆ. ಅದು ಹೊರಡಿಸುವ ಕೋಡ್ ನಿಜಕ್ಕೂ ಚೆನ್ನ. ಆದರೆ ಚಿಕ್ಕ ಸ್ಕ್ರಿಪ್ಟಿಗೆ ಅದನ್ನು ತರುವುದು ಒಂದು ಲೋಟ ಕಾಫಿಗೆ ಹಂಡೆ ಒಲೆ ಹಚ್ಚಿದಂತೆ. ಸಫಾರಿ ಬ್ರೌಸರಿನ ಎಂಜಿನ್ ಆದ ವೆಬ್‌ಕಿಟ್ ಕಟ್ಟುವ ಆಪಲ್ ತಂಡ 2014ರಲ್ಲಿ ಜಾವಾಸ್ಕ್ರಿಪ್ಟಿಗೆ ಎಲ್‌ಎಲ್‌ವಿಎಂ ಜೋಡಿಸಿತ್ತು. ಕಂಪೈಲ್ ಮಾಡಲು ಹೊತ್ತು ಜಾಸ್ತಿಯಾಯಿತು. 2016ರಲ್ಲಿ ಅದನ್ನು ಬಿಟ್ಟು ಬಿ3 ಎಂಬ ತನ್ನದೇ ಹಗುರ ಕಂಪೈಲರ್ ತಂದಿತು. ಅಷ್ಟು ದೊಡ್ಡ ತಂಡಕ್ಕೇ ಅದು ಭಾರವಾಯಿತೆಂದರೆ, ಒಬ್ಬರೇ ಕೂತು ಕಟ್ಟುವವರು ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ನನಗೆ ಹೆಚ್ಚು ಹಿಡಿಸುವುದು ವ್ಲಾದಿಮಿರ್ ಮಕರೋವ್ ದಾರಿ. ಜಿಸಿಸಿ ಎಂಬ ಹೆಸರಾಂತ ಸಿ ಕಂಪೈಲರ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಅವರು. ರೂಬಿ ಭಾಷೆಗೆ ಅವರು ಸೂಚಿಸಿದ ಉಪಾಯ ಸರಳ: ಸಿ ಕೋಡ್ ಬರೆದು ಹೊರಗಿನ ಸಿ ಕಂಪೈಲರ್ ಕೈಗೆ ಕೊಡುವುದು. 2018ರ ರೂಬಿ 2.6ರಲ್ಲಿ ಅದು ಬಂತು. ಹೀಗೆ ಪ್ರತಿ ಸಲ ಕಂಪೈಲರ್ ಕರೆಯುವುದು ದುಬಾರಿ. ಹಾಗಾಗಿ ಅವರು ಎಂಐಆರ್ ಎಂಬ ಪುಟ್ಟ ಜಿಟ್ ಕಟ್ಟಲು ಹೊರಟರು. ಕೋಡನ್ನು ಚುರುಕುಗೊಳಿಸುವ ಕೆಲವೇ ಮುಖ್ಯ ಆಪ್ಟಿಮೈಸೇಶನ್ ಮಾತ್ರ ಇಟ್ಟುಕೊಂಡು, ಬಹುಪಾಲು ವೇಗವನ್ನು ತೀರಾ ಕಡಿಮೆ ಹೊತ್ತಿನಲ್ಲಿ ಪಡೆಯುವುದು ಅವರ ಗುರಿ. ಸಿ ಭಾಷೆಯಲ್ಲಿ ಬರೆದ ಇಂಟರ್‌ಪ್ರಿಟರಿಗೆ ನಾನು ಮೊದಲು ನೋಡುವುದು ಇದನ್ನೇ. ರಸ್ಟ್ ಭಾಷೆಯಲ್ಲಿ ಬರೆದಿದ್ದರೆ, ಅದೇ ಭಾಷೆಯಲ್ಲಿ ಬರೆದ ಕ್ರೇನ್‌ಲಿಫ್ಟ್ ಎಂಬ ಕೋಡ್ ತಯಾರಿಸುವ ಲೈಬ್ರರಿ.

ಲುವಾ ಭಾಷೆಯ ಜಿಟ್ ಆದ ಲುವಾಜಿಟ್ ಜೊತೆ ಬೆಳೆದ ಡೈನಾಸ್ಮ್ ಎಂಬ ಅಸೆಂಬ್ಲರ್ ಇನ್ನೂ ಹಗುರ. 2020ರ ಪಿಎಚ್‌ಪಿ 8 ಕೂಡ ಅದನ್ನೇ ಬಳಸಿತು. ಆದರೆ ಅಸೆಂಬ್ಲಿಯನ್ನು ನೀವೇ ಬರೆಯಬೇಕು, ಎಕ್ಸ್86 ಪ್ರೊಸೆಸರಿಗೆ ಒಂದು, ಆರ್ಮ್‌ ಪ್ರೊಸೆಸರಿಗೆ ಇನ್ನೊಂದು.

2024ರ ಪೈಥಾನ್ 3.13 ಪ್ರಯೋಗಕ್ಕಿಟ್ಟ ಜಿಟ್ ಬೇರೆಯೇ ಜಾಣತನ ತೋರಿತು. ಪೈಥಾನನ್ನು ಬಿಲ್ಡ್ ಮಾಡುವಾಗಲೇ ಎಲ್‌ಎಲ್‌ವಿಎಂನಿಂದ ಕೋಡ್ ತುಣುಕುಗಳನ್ನು ತಯಾರಿಸಿಡುತ್ತಾರೆ. ಓಡುವಾಗ ಅವನ್ನು ನಕಲು ಮಾಡಿ, ಖಾಲಿ ಜಾಗಗಳಲ್ಲಿ ಬೇಕಾದ ಸಂಖ್ಯೆ ತುಂಬಿದರೆ ಆಯಿತು. ಬಳಸುವವರ ಕಂಪ್ಯೂಟರಿನಲ್ಲಿ ಎಲ್‌ಎಲ್‌ವಿಎಂ ಇರಬೇಕಾಗಿಯೇ ಇಲ್ಲ.

ಯಾವುದನ್ನೇ ಆರಿಸಿ, ಮೊದಲು ಹೊತ್ತು ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪ್ರೊಫೈಲರ್ ಓಡಿಸಿ. ಹೊತ್ತೆಲ್ಲ ಸ್ಟ್ರಿಂಗ್ ಜೋಡಣೆಗೋ ಮೆಮೊರಿ ಹಂಚಿಕೆಗೋ ಹೋಗುತ್ತಿದ್ದರೆ ಜಿಟ್‌ನಿಂದ ಸಿಗುವುದು ಅಲ್ಪ. ಹಳೆಯ ಇಂಟರ್‌ಪ್ರಿಟರನ್ನೂ ಉಳಿಸಿಕೊಳ್ಳಿ. ಐಫೋನಿನ ಸಾಮಾನ್ಯ ಆಪ್‌ಗಳು ಓಡುತ್ತಲೇ ಹೊಸ ಮಷೀನ್ ಕೋಡ್ ಸೃಷ್ಟಿಸಲು ಆಪಲ್ ಬಿಡುವುದಿಲ್ಲ. ಅಲ್ಲಿ ನಿಮ್ಮ ಭಾಷೆ ಓಡಬೇಕಿದ್ದರೆ ಇಂಟರ್‌ಪ್ರಿಟರ್ ಬೇಕೇ ಬೇಕು.